ಸರ್ದಾರನ ಖಸ್ಸಿ ಪಂಚಾಯಿತಿ

ನನ್ನ ಮೈದುನನಿಗೆ ಮದುವೆಯೇ ಆಗಲಿಲ್ಲ. ಆದರೂ ಹೈದರಾಬಾದಿನ ಮೆರವಣಿಗೆ ಕುದುರೆಗಳಲ್ಲಿ ಅರ್ಧಕ್ಕರ್ಧ ಅವನ ಸೊಸೆಯಂದಿರು! ಸುಳ್ಳು ಹೇಳಿ ನನಗೇನಾಗಬೇಕು? ಬೇಗಂ ಬಜಾರಿನಲ್ಲಿ ಯಾರನ್ನಾದರೂ ಕೇಳಿ, ಹೊಟ್ಟೆ ಹಿಡಿದುಕೊಂಡು ಹೇಳುತ್ತಾರೆ. ಅವರು ನಗುತ್ತಾರೆ, ಅದೇ ಮನೆಯಲ್ಲಿ ಬಾಳುವ ನಾನು ಮುಖ ಎಲ್ಲಿಡಲಿ?

ನಮ್ಮ ಮಾವ ಬೀದರಿನ ಕಡೆಯಿಂದ ಬಂದು ಇಲ್ಲಿ ಕಿರಾಣಿ ಅಂಗಡಿ ಹಾಕಿದವರು. ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಹಿತ್ತಲು. ಹಿತ್ತಲಲ್ಲಿ ನಾನು ಮೆಂತ್ಯಸೊಪ್ಪಿನ ಮಡಿ ಮಾಡಿಕೊಂಡಿದ್ದೆ. ಒಂದು ದಿನ ಮೈದುನ ಬಿಳಿ ಗಂಡು ಕುದುರೆಯೊಂದನ್ನು ಹಿಡಿದುಕೊಂಡು ಬಂದ. ಸಂಜೆಗೆ ಮೆಂತ್ಯವೂ ಇಲ್ಲ, ಮಡಿಯೂ ಇಲ್ಲ!

“ವೈನಿ, ಇದು ಬೀಜದ ಕುದ್ರಿ. ಹೆಸರು ಸರ್ದಾರ” ಎಂದ. ಅಣ್ಣನ ಹೆಂಡತಿಯೆಂದು ನನ್ನನ್ನು ವೈನಿ ಎನ್ನುತ್ತಾನೆ.

“ಸರ್ದಾರಗ ಊಟಕ್ಕ ಏನಪಾ?”

“ಕಡ್ಲಿ, ಬೆಲ್ಲ, ಒಂದೀಟು ಬದಾಮಿ.”

“ನಿಮ್ಮಣ್ಣ ಜಡ್ಡು ಬಿದ್ದಾಗೂ ಈ ಮನ್ಯಾಗ ಯಾರೂ ಬದಾಮಿ ಡಬ್ಬಿ ಬಿಚ್ಚಿದ್ದಿಲ್ಲಲೋ!”

ಬೈದದ್ದು ಗಾಳಿಗೆ ಹೋಯಿತು. ಮದುವೆ ಮೆರವಣಿಗೆಗೆ ಹೆಣ್ಣು ಕುದುರೆ ಬಾಡಿಗೆಗೆ ಕೊಡುವ ಮಂದಿ ಈ ಊರಿನಲ್ಲಿ ಬಹಳ. ಬೆದೆಗೆ ಬಂದ ಕುದುರೆಯನ್ನು ಅವರು ನಮ್ಮ ಹಿತ್ತಲಿಗೆ ಕರೆತರತೊಡಗಿದರು. ಕರೆತಂದು ಕೆಲಸ ಮುಗಿಸಿಕೊಂಡು ಹೋದರೆ ಚಿಂತೆಯಿರಲಿಲ್ಲ. ನನ್ನ ಮೈದುನ ಹಾಗೆ ಬಿಟ್ಟಾನೆಯೇ? “ನಮ್ಮ ಮನಿಗೆ ಬಂದ ಹೆಣ್ಣಮಗಳು, ಬರೇ ಕೈಲೆ ಹ್ಯಾಂಗ ಕಳಸೂದು? ಉಡಿ ತುಂಬ್ರಿ” ಎಂದ.

ಕುದುರೆಗೆ ಉಡಿ ಎಲ್ಲಿರುತ್ತದೆ? ನೀವೇ ಹೇಳಿ! ಗಂಡ ಸತ್ತವಳಿಗೆ ಆ ಶಾಸ್ತ್ರ ಸಲ್ಲದೆಂದು ನಾನು ಬಚಾವಾದೆ. ಸಿಕ್ಕಿಬಿದ್ದವಳು ನನ್ನ ಸೊಸೆ. ಬ್ಯಾಂಕಿಗೆ ಹೊರಟು ನಿಂತವಳು, ಹೆಗಲಿಗೆ ಬ್ಯಾಗು, ಒಂದು ಕೈಯಲ್ಲಿ ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಇನ್ನೊಂದು ಕೈಯಲ್ಲಿ ಕುಪ್ಪಸದ ಖಣ. ಎಲ್ಲವನ್ನೂ ಚೀಲದಲ್ಲಿ ಹಾಕಿ ಕುದುರೆಯ ಕೊರಳಿಗೆ ಕಟ್ಟಬೇಕು. ಒಮ್ಮೆ ಕುದುರೆಯ ಯಜಮಾನ, ಗಡ್ಡ ನರೆತ ಮುದುಕ, ಖಣ ಬಿಡಿಸಿ ನೋಡಿ ಕಂಗಾಲಾದ. “ಅಮ್ಮಾ, ಘೋಡಿಕೋ ಚೋಲಿ ಕೌನ್ ಸೀತಾ?” ಕುದುರೆಗೆ ಕುಪ್ಪಸ ಹೊಲಿಯುವ ಸಿಂಪಿಗ ಯಾರೆಂದು ನಾನೇನು ಹೇಳಲಿ!

ಆ ನಾಚಿಕೆ ಮನೆಯೊಳಗಿನದು, ಹೇಗೋ ವರ್ಷಗಟ್ಟಲೆ ನುಂಗಿಕೊಂಡೆ. ಬೀದಿಗೆ ಬಂದದ್ದು ಆಮೇಲೆ. ಒಂದು ಸಂಜೆ ಇವನು ಸರ್ದಾರನನ್ನು ತಿರುಗಾಡಿಸಲು ಒಯ್ದಾಗ ಎದುರಿನಿಂದ ಮದುವೆ ಮೆರವಣಿಗೆ ಬಂತು. ಮದುಮಗ ಕೂತಿದ್ದ ಕುದುರೆ ನಮ್ಮಲ್ಲಿ ಉಡಿ ತುಂಬಿಸಿಕೊಂಡು ಹೋದದ್ದೇ. ಸರ್ದಾರ ಹಗ್ಗ ಕಿತ್ತುಕೊಂಡು ನುಗ್ಗಿದ. ಬ್ಯಾಂಡಿನವರು ದಿಕ್ಕಿಗೊಬ್ಬರು ಓಡಿದರು. ಮದುಮಗ ಪೇಟ ಬಿಟ್ಟು ದೀಪದ ಗಾಡಿಯ ಮೇಲೆ ಹಾರಿದ. ಮುಂದಿನದನ್ನು ನಾನು ಬರೆಯುವುದಿಲ್ಲ. ಇಡೀ ಬಜಾರು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಿ!

ಮದುಮಗನ ತಾಯಿ ತೆಲುಗಿನಲ್ಲಿ ಶಾಪ ಹಾಕತೊಡಗಿದಳು. ಇವನು ಕನ್ನಡದಲ್ಲಿ ಕೈ ಮುಗಿದ. “ತಪ್ಪ ತಿಳಕೋಬ್ಯಾಡ್ರಿ ತಾಯಿ, ಅವರದು ಮೊದಲಿಂದನೂ ಸಂಬಂಧ ಐತ್ರಿ.”

ಮರುದಿನವೇ ಗಲ್ಲಿಯ ಹಿರಿಯರು ಬಂದು ಕೂತರು. ಕುದುರೆಯನ್ನು ಖಸ್ಸಿ ಮಾಡಿಸಬೇಕು, ಇಲ್ಲವೇ ಗಲ್ಲಿ ಬಿಡಿಸಬೇಕು. ಅಂದರೆ ಬೀಜ ತೆಗೆಸಬೇಕು, ಇಲ್ಲವೇ ಮಾರಬೇಕು. ಮೂರನೆಯ ದಾರಿಯಿಲ್ಲ. ಚಹಾ ಕುಡಿದು ಎದ್ದುಹೋದರು. ಮೈದುನ ಅಂದು ಊಟ ಮಾಡಲಿಲ್ಲ.

ದನದ ಡಾಕ್ಟರನ್ನು ಕರೆಸಿದೆ. ಯಾರೋ ಮೀಸೆಯವನು ಬರುತ್ತಾನೆಂದು ಇವನು ಕಾದಿದ್ದರೆ, ಸ್ಕೂಟರಿನಿಂದ ಇಳಿದವಳು ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ! ರಾಯಚೂರಿನ ಕಡೆಯವಳು. “ಏನ್ ಮಾಡಬೇಕ್ರಿ ಕಾಕಾ?” ಎಂದು ನೇರವಾಗಿ ಕೇಳಿದಳು. ಇವನು ಟವೆಲಿನಿಂದ ಬಾಯಿ ಮುಚ್ಚಿಕೊಂಡು ಆಕಾಶ ನೋಡಿದ. “ಅದರೀ... ಅದು... ಆ ಕೆಲಸ...”

“ಖಸ್ಸಿ ಮಾಡಬೇಕವ್ವಾ” ಎಂದೆ ನಾನು.

ಇವನು ಓಡಿಹೋಗಿ ಎರಡೂ ಕೈಯಿಂದ ಸರ್ದಾರನ ಕಿವಿ ಮುಚ್ಚಿದ!

ಡಾಕ್ಟರು ನಗಲಿಲ್ಲ. “ಸಣ್ಣಾಂವ ಇದ್ದಾಗ ಮಾಡಿಸಿದ್ರ ಹಗುರ ಇತ್ತು. ಈಗ ವಯಸ್ಸಾಗೇದ. ರಕ್ತ ಹೆಚ್ಚು ಹೋಗೋ ಅಂಜಿಕಿ ಇರತದ. ಮ್ಯಾಲೆ ಇಷ್ಟು ವರ್ಷದ ರೂಢಿ, ಪೂರ್ತಿ ಬಿಡತಾನ ಅಂತ ನಾ ಮಾತು ಕೊಡಂಗಿಲ್ಲ. ವಿಚಾರ ಮಾಡ್ರಿ” ಎಂದಳು.

ವಿಚಾರ ಮಾಡೆಂದರೆ ಈ ಮಹಾರಾಯ ಊರನ್ನೇ ಕೇಳಲು ಹೊರಟ. ಕ್ಷೌರದವನು, ಹಮಾಲರು, ಪಾನ್ ಡಬ್ಬಿಯವನು, ಎಲ್ಲರನ್ನೂ ಕೇಳಿದ. ಗಂಡಸರೆಲ್ಲ ಎರಡೂ ತೊಡೆ ಸೇರಿಸಿಕೊಂಡು ಕೂತು “ಪಾಪ, ಬ್ಯಾಡ” ಎಂದರು. ಹೆಂಗಸರೆಲ್ಲ “ಇಂದೇ ಮಾಡಸ್ರಿ” ಎಂದರು. ಎದುರು ಮನೆಯ ಪಾಪಡ್ ಮಾರುವ ಹೆಂಗಸು “ಡಾಕ್ಟರು ಹೆಂಗೂ ಬರ್ತಾರ, ನಮ್ಮ ಯಜಮಾನ್ರನ್ನೂ ಒಂದೀಟು ನೋಡ್ಲಿ” ಎಂದು ಸೇರಿಸಿದಳಂತೆ. ಇದನ್ನು ಇವನು ಮನೆಗೆ ಬಂದು ನನಗೂ ಸೊಸೆಗೂ ವರದಿ ಒಪ್ಪಿಸಿದ. ತುತ್ತು ಬಾಯಿಗೆ ಹೋಗುವುದಾದರೂ ಹೇಗೆ?

ಅಂಥದರಲ್ಲಿ ಅವನ ಎಡಗೈ ಮೇಲೇಳುತ್ತಿಲ್ಲವೆಂಬುದು ನನ್ನ ಕಣ್ಣಿಗೆ ಬಿತ್ತು. “ಏನಾತು?” ಎಂದರೆ “ಮೆಟ್ಟಲದಿಂದ ಜಾರಿದೆ” ಎಂದ. ಅಂಗಿ ಬಿಚ್ಚಿಸಿದೆ. ಭುಜದ ಮೇಲೆ ಹಲ್ಲಿನ ಗುರುತು, ನೀಲಿಗಟ್ಟಿ ಬಾತಿತ್ತು.

“ಮೆಟ್ಟಲಕ್ಕ ಹಲ್ಲು ಯಾವಾಗ ಬಂದುವು?”

ಅವನು ಬಲಗೈಯಿಂದ ಅಂಗಿ ಎಳೆದುಕೊಂಡ.

“ಇವತ್ತ ಭುಜ. ನಾಳೆ ಕೊಳ್ಳು. ನಾಡಿದ್ದ ನಿನ್ನ ಹೆಣ ಹೊರಾಕ ನನ್ನ ಮಗ ಅಂಗಡಿ ಮುಚ್ಚಬೇಕೇನು? ಖಸ್ಸಿ ಮಾಡಸ್ತಿಯೋ, ಮಾರತಿಯೋ?”

ಅವನು ಅಂಗಿ ತೊಟ್ಟುಕೊಂಡ. “ಮಾರಿದ್ರ ಅವ ಇದ್ದಂಗ ಇರತಾನ ವೈನಿ. ನನ್ನ ಹತ್ರ ಇಟಗೋಬೇಕಂದ್ರ ಅವನ್ನ ಕೊಯ್ಯಬೇಕು. ನನ್ನ ಸಲುವಾಗಿ ಅವನ್ನ ಕೊಯ್ಯಾಕ ನಾ ಯಾರು?”

ಅವನ ಭುಜಕ್ಕೆ ಅರಿಷಿಣ ಅರೆಯಲು ಎದ್ದೆ, ಬೈಯದೆ. ಅಪರೂಪಕ್ಕೆ.

ಮಾರುವುದೆಂದೇ ಆಯಿತು. ಊರಾಚೆ ಕುದುರೆ ಸಾಕುವವನೊಬ್ಬ ಬಂದ. ಗೊರಸು ನೋಡಿದ, ಹಲ್ಲು ನೋಡಿದ. “ವಯಸ್ಸಾಗ್ಯಾದ. ಇನ್ನೊಂದೆರಡು ಹಂಗಾಮು ನಡೀತಾನ” ಎಂದ.

“ಆಮ್ಯಾಲೆ?” ಎಂದ ಮೈದುನ.

“ಆಮ್ಯಾಲೆ ಏನ್ರಿ? ಕೆಲಸ ಮುಗದ ಕುದ್ರಿ ಯಾರು ಕಟಗೊಂಡು ಕೂಡ್ತಾರ? ಸಂತಿಗೆ ಹೊಡೀತೀವಿ.”

ಮೈದುನ ಅವನ ಕೈಯಿಂದ ಹಗ್ಗ ತೆಗೆದುಕೊಂಡ. ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದ. ಆಮೇಲೆ ನನ್ನ ಕಡೆ ನೋಡದೆ “ಡಾಕ್ಟರ್‍ಗೆ ಹೇಳ್ರಿ” ಎಂದ.

ಖಸ್ಸಿಯ ದಿನ ಬೆಳಿಗ್ಗೆ ಡಾಕ್ಟರು ಸೂಜಿ ಚುಚ್ಚಿದಳು. ಸರ್ದಾರ ಮೊಣಕಾಲೂರಿ ಮೆಲ್ಲಗೆ ಮಲಗಿದ. ಸೂಜಿ ನೋಡಿಯೇ ಇವನು ಅದಕ್ಕಿಂತ ಮೊದಲೇ ನೆಲಕ್ಕೆ ಬಿದ್ದಿದ್ದ! ಸೊಸೆ ಅವನ ಮುಖಕ್ಕೆ ನೀರು ಹೊಡೆಯುತ್ತಿದ್ದಳು. ಡಾಕ್ಟರು “ಅಜ್ಜಿ, ತಲಿ ಹಿಡೀರಿ, ಕಣ್ಣಿಗೆ ಬಿಸಲು ಬೀಳಬಾರದು” ಎಂದಳು. ಅಷ್ಟು ವರ್ಷ ಬೈದೆನೇ ಹೊರತು ಆ ಕುದುರೆಯನ್ನು ಮುಟ್ಟಿದವಳಲ್ಲ ನಾನು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗು ಹೊದಿಸಿದೆ. ಸೆರಗಿನೊಳಗೆ ಬೆಚ್ಚಗೆ ಉಸಿರಾಡುತ್ತಿತ್ತು. ಜನರೆದುರು ನಾಚಿಕೆಪಟ್ಟು ರೂಢಿಯಾದವಳಿಗೆ ಅಂದು ಕುದುರೆಯ ಮುಂದೆ ನಾಚಿಕೆಯಾಯಿತು. ಎಲ್ಲರನ್ನೂ ಕೇಳಿದ್ದೆವು, ಅದನ್ನೊಂದನ್ನು ಬಿಟ್ಟು.

ರಕ್ತ ನಿಂತಿತು. ಬದುಕಿತು. ಆದರೆ ಮರುದಿನದಿಂದ ಅದನ್ನು ನಡೆಸಲೇಬೇಕು, ಇಲ್ಲದಿದ್ದರೆ ಬಾವು ಇಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಳು. ಹಿತ್ತಲು ಸಾಲದು, ಗಲ್ಲಿಗೇ ಬರಬೇಕು. ಇವನು ಬಾಗಿಲಲ್ಲಿ ಹಗ್ಗ ಹಿಡಿದು ನಿಂತ, ಹೊಸ್ತಿಲು ದಾಟಲಾರ. ಹೊರಗೆ ಕ್ಷೌರದವನು, ಹಮಾಲರು, ಎಲ್ಲರೂ ನೋಡುತ್ತ ನಿಂತಿದ್ದರು.

“ಮಂದಿ ನಗತಾರ ವೈನಿ. ನನಗ ನಗಲಿ, ರೂಢಿ ಐತಿ. ಅವಗ ನಗತಾರ.”

ನಾನು ಕೋಲು ಹಿಡಿದು ಮುಂದೆ ಇಳಿದೆ. ಸರ್ದಾರ ಹಿಂಗಾಲು ಅಗಲಿಸಿಕೊಂಡು, ತಲೆ ತಗ್ಗಿಸಿ, ಹೆಜ್ಜೆಗೊಮ್ಮೆ ನಿಲ್ಲುತ್ತ ಬಂದ. ತಿರುಗಿ ನೋಡಿದರೆ, ಪಕ್ಕದಲ್ಲಿ ಮೈದುನನೂ ತನಗರಿವಿಲ್ಲದೆ ಹಾಗೇ ಕಾಲಗಲಿಸಿ, ಹಾಗೇ ನಿಂತು ನಿಂತು ನಡೆಯುತ್ತಿದ್ದ. ಇಬ್ಬರ ತಲೆಯೂ ಬಿಳಿ. ಹಮಾಲರಲ್ಲೊಬ್ಬ ಕಿಸಕ್ಕೆಂದ. ಹಿಂದಿನಿಂದ ಆಟೋದವನೊಬ್ಬ ಹಾರ್ನ್ ಹೊಡೆದೇ ಹೊಡೆದ.

ನಾನು ರಸ್ತೆಗೆ ಅಡ್ಡ ಕೋಲು ಹಿಡಿದು ನಿಂತೆ.

“ನಿಲ್ಲೋ! ನಮ್ಮ ಮನಿ ಗಂಡಸ್ರು ಬರಾಕತ್ತಾರ, ಕಾಣಂಗಿಲ್ಲೇನು?”