ರೊಟ್ಟಿಶೂರನ ಉಪಚಾರ

“ಅಕ್ಕಾ, ನೀ ಬರೇ ಕೈ ಕಟ್ಟಿ ನಿಂತು ನೋಡು!”

ಚನ್ನವೀರ ಹಾಗೆಂದ ಗಳಿಗೆಯಲ್ಲೇ ದಾನಮ್ಮನಿಗೆ ಸಿಟ್ಟು ಬಂತು. ಬೆಳಗಿನ ಹನ್ನೊಂದಕ್ಕೆ, ಒಲೆಗಳೆಲ್ಲ ಹೊತ್ತಿರುವಾಗ, ಖಾನಾವಳಿ ನಡೆಸುವ ಹೆಂಗಸಿಗೆ ಕೈ ಕಟ್ಟಿ ನಿಲ್ಲು ಎನ್ನುವವನು ಒಂದೋ ಹುಚ್ಚನಾಗಿರಬೇಕು, ಇಲ್ಲವೇ ಒಡಹುಟ್ಟಿದ ತಮ್ಮನಾಗಿರಬೇಕು. ಇವನು ಎರಡೂ ಆಗಿದ್ದ.

ಗದಗಿನ ಕಾಳಿನ ಪೇಟೆಯ ಹಿಂದಿನ ಓಣಿಯಲ್ಲಿ ದಾನಮ್ಮನ ಖಾನಾವಳಿ ಹತ್ತೊಂಬತ್ತು ವರ್ಷದಿಂದ ನಡೆದಿತ್ತು. ಮಧ್ಯಾಹ್ನ ಒಂದಕ್ಕೆ ಅರವತ್ತು ಹಮಾಲರು ಬರುತ್ತಿದ್ದರು. ಬೆಳಗಿನಿಂದ ಚೀಲ ಹೊತ್ತ ಹೆಗಲುಗಳು. ಅನ್ನ ತಡವಾದರೆ ಸಹಿಸುತ್ತಾರೆ, ಬಿಸಿ ರೊಟ್ಟಿ ತಡವಾದರೆ ಇಲ್ಲ. ಆ ಹತ್ತೊಂಬತ್ತು ವರ್ಷವೂ ಒಬ್ಬರೂ ರೊಟ್ಟಿ ಸಿಗದೆ ಎದ್ದು ಹೋಗಿರಲಿಲ್ಲ. ಅದು ದಾನಮ್ಮನ ಹೆಮ್ಮೆ. ರೊಟ್ಟಿ ತಟ್ಟುತ್ತಿದ್ದ ಕಲ್ಲವ್ವನ ಹೆಮ್ಮೆಯೂ ಅದೇ ಇದ್ದಿರಬೇಕು. ಆಕೆ ಮಾತಾಡುವವಳಲ್ಲ, ಹಾಗಾಗಿ ಯಾರಿಗೂ ಗೊತ್ತಿರಲಿಲ್ಲ.

ಈಗ ಒಲೆಯ ಪಕ್ಕದಲ್ಲಿ, ಕಲ್ಲವ್ವ ಕೂರುವ ಜಾಗದಲ್ಲಿ, ಉಕ್ಕಿನ ಕಪಾಟೊಂದು ನಿಂತಿತ್ತು. ಅದಕ್ಕೆ ಎರಡು ಕೈ, ರಬ್ಬರಿನ ಅಂಗೈ, ಎದೆಯ ಮೇಲೆ ಒಂದು ಪರದೆ.

“ಇದರ ಹೆಸರು ರೊಟ್ಟಿಶೂರ! ನಾನ ಕಟ್ಟಿದ್ದು! ಇದರೊಳಗ ಇರೋದು ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಂ. ಅಂದ್ರ ಹೇಳಿದ ಕೆಲಸ ಹೇಳಿದ ಗಳಿಗೀಗೆ! ರೊಟ್ಟಿ ತಿರುವೋ ಗಳಿಗಿ ಬಂತಂದ್ರ ಬಂತು. ಒಂದು ಕ್ಷಣ ಹಿಂದಿಲ್ಲ, ಮುಂದಿಲ್ಲ!”

“ಕಲ್ಲವ್ವನೂ ಹಂಗ ತಿರುವ್ತಾಳ. ಆಕಿ ಒಳಗ ಯಾವ ಸಿಸ್ಟಂ ಐತಿ?”

ಆದರೆ ರೊಟ್ಟಿಶೂರ ನಿಜಕ್ಕೂ ತಟ್ಟಿತು. ಪಟ, ಪಟ, ಪಟ ಎಂದು ಹಿಟ್ಟಿನ ಮುದ್ದೆ ಚಂದ್ರನಷ್ಟು ದುಂಡಗಾಗಿ ಹಂಚಿಗೆ ಬಿತ್ತು, ನೀರು ಸವರಿಸಿಕೊಂಡಿತು, ಮಗ್ಗುಲು ಬದಲಿಸಿ ಉಬ್ಬಿತು. ನೋಡಲು ನಿಂತಿದ್ದ ನಾಲ್ಕು ಮಂದಿ ಹಮಾಲರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಚನ್ನವೀರನ ತಲೆಗೇರಿತು.

“ಕಲ್ಲವ್ವಾ, ಇನ್ನ ನಿನ್ನ ಕೈಗೆ ರಜಾ! ಮನ್ಯಾಗ ಕುಂಡ್ರು!”

ಕಲ್ಲವ್ವ ಅವನನ್ನು ನೋಡಲಿಲ್ಲ, ದಾನಮ್ಮನನ್ನು ನೋಡಿದಳು. ‘ಏ, ಬಾಯಿ ಮುಚ್ಚೋ’ ಎಂದು ತಮ್ಮನಿಗೆ ಗದರಿದ್ದರೆ ಸಾಕಿತ್ತು. ದಿನಕ್ಕೆ ನೂರು ಸಲ ಗದರುವ ದಾನಮ್ಮ ಆಗ ಗದರಲಿಲ್ಲ. ಉಬ್ಬಿದ ರೊಟ್ಟಿಯನ್ನೇ ನೋಡುತ್ತ ನಿಂತಳು. ಕಲ್ಲವ್ವ ಸೆರಗಿಗೆ ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ, ಏನೂ ಹೇಳದೆ ಹೊರಟುಹೋದಳು.

ಅಂದಿನಿಂದ ದಾನಮ್ಮನಿಗೆ ಎಲ್ಲದರ ಮೇಲೂ ಸಿಟ್ಟು. ಉಪ್ಪಿನ ಮೇಲೆ, ಹಾಲಿನವನ ಮೇಲೆ, ನೊಣದ ಮೇಲೆ. ಯಾರ ಮೇಲೆ ಬರಬೇಕಿತ್ತೋ ಆಕೆಯ ಮೇಲೆ ಬಂದದ್ದೂ ಒಳಗೇ ಕುದಿಯುತ್ತಿತ್ತು. ಆಕೆಯ ಹೆಸರು ದಾನಮ್ಮ.

ಮೂರನೆಯ ದಿನ ಇನ್ನೊಂದು ಸದ್ದು ಸೇರಿಕೊಂಡಿತು. ಊಟದ ಹೊತ್ತು ಮುಗಿದು ಒಲೆ ಆರಿದ ಮೇಲೂ ರೊಟ್ಟಿಶೂರನ ಹೊಟ್ಟೆಯೊಳಗಿನ ಫ್ಯಾನು ಗೊರ್ರ್ ಎಂದು ಅರಚತೊಡಗಿತು. ಪರದೆಯ ಮೇಲೆ ತೊಂಬತ್ತೇಳು ಎಂಬ ಅಂಕಿ ಕೆಂಪಗೆ ಮಿನುಗುತ್ತಿತ್ತು.

“ಏನೋ ಇದು ತೊಂಬತ್ತೇಳು?”

“ಸಿಪಿಯು ಅಕ್ಕಾ. ಅಂದ್ರ ಇದರ ತಲಿ. ನೂರಕ್ಕ ತೊಂಬತ್ತೇಳು ಪಾಲು ಕೆಲಸದಾಗ ಐತಿ.”

“ಯಾವ ಕೆಲಸ? ಹಿಟ್ಟಿಲ್ಲ, ಬೆಂಕಿ ಇಲ್ಲ, ಸುಮ್ನ ನಿಂತೈತಿ!”

“ಅದ ತಿಳಿವಲ್ದು. ಸುಮ್ನ ಇದ್ದಾಗ ಎರಡೋ ಮೂರೋ ಇರಬೇಕು.”

“ಏನೂ ಮಾಡ್ದ ಇಷ್ಟು ದಣಿಯೋರನ್ನ ಜೀವಮಾನದಾಗ ಒಬ್ಬನ್ನ ಕಂಡೀನಿ. ಈಗ ನನ್ನ ಮುಂದ ನಿಂತಾನ!”

ಚನ್ನವೀರ ಮುನಿಯಲಿಲ್ಲ. ಹೊಸ ಯಂತ್ರ ಕೆಟ್ಟರೆ ಅವನಿಗೆ ಹಬ್ಬ. “ಎರಡು ದಿನಾನೂ ನೋಡಿದಂಗ ಇವತ್ತೂ ಮನೀಗೆ ಹೋಗಿ ರಿಮೋಟ್ ಡೆಸ್ಕ್‌ಟಾಪಿನಾಗ ನೋಡ್ತೀನಿ. ಇದರ ಪರದಿ ಅಲ್ಲೇ ನನ್ನ ಕಂಪ್ಯೂಟರಿನಾಗ ಕಾಣತೈತಿ. ಕುಂತಲ್ಲೇ ರಿಪೇರಿ!”

“ಇಲ್ಲೇ ಎದುರಿಗೆ ನಿಂತೀಯಲ್ಲೋ!”

“ದೂರದಿಂದ ನೋಡಿದ್ರ ಛಲೋ ತಿಳೀತೈತಿ.”

“ಹೌದ್ಹೌದು. ದೂರ ಇದ್ದಾಗ ನೀನೂ ಛಲೋನ ಕಾಣ್ತಿದ್ದಿ!”

ಅವರ ಮನೆತನದಲ್ಲಿ ಒಂದು ಪದ್ಧತಿ. ಎಮ್ಮೆ ಕೊಳ್ಳುವುದಿರಲಿ, ಹಲ್ಲು ಕೀಳಿಸುವುದಿರಲಿ, ಬೀಗರು ಬಿಜ್ಜರನ್ನೆಲ್ಲ ಕೇಳದೆ ಮುಂದುವರಿಯುವಂತಿಲ್ಲ. ಕೇಳದಿದ್ದರೆ ಅವಮಾನ. ಚನ್ನವೀರ ಯಂತ್ರದ ಗುಪ್ತಪದವನ್ನು ಇಳಕಲ್ಲಿನ ಸೋದರಮಾವನಿಗೂ, ವಿಜಯಪುರದ ದೊಡ್ಡಪ್ಪನ ಮಗನಿಗೂ, ಕೊಲ್ಹಾಪುರದ ಬೀಗರಿಗೂ ಕಳಿಸಿದ. ಎಲ್ಲರೂ ತಂತಮ್ಮ ಮನೆಯಲ್ಲಿ ಕೂತು ರೊಟ್ಟಿಶೂರನ ಒಳಹೊಕ್ಕು ನೋಡಿದರು. ಯಾರಾದರೂ ಹೊಕ್ಕ ಕೂಡಲೇ ಅವರದೊಂದು ಪಟ ಪರದೆಯ ಮೂಲೆಯಲ್ಲಿ ಮೂಡುತ್ತಿತ್ತು. ಅಂಕಿ ಇಳಿಯುವ ಬದಲು ತೊಂಬತ್ತೆಂಟಾಯಿತು. ಯಾಕೆ ಏರಿತೆಂದು ನೋಡಲು ಎಲ್ಲರೂ ಮತ್ತೆ ಮತ್ತೆ ಹೊಕ್ಕರು. ತೊಂಬತ್ತೊಂಬತ್ತಾಯಿತು.

ಸೋದರಮಾವ ಫೋನು ಮಾಡಿದ. “ದಾನೀ, ಎಲ್ಲಾ ನೋಡ್ದೆ. ನನಗ ಅನ್ನಸ್ತೈತಿ, ಇದಕ್ಕ ದೃಷ್ಟಿ ತಾಗೈತಿ.”

“ಮಾವಾ, ನೀ ಇಳಕಲ್ಲಿನಾಗ ಕುಂತು ದಿಟ್ಟಿಸಿ ನೋಡಿದ್ರ ಇನ್ನೇನಾಗತೈತಿ!”

ಐದನೆಯ ದಿನ ಶುಕ್ರವಾರ. ಹನ್ನೆರಡಕ್ಕೆ ಒಲೆ ಹಚ್ಚಿದಾಗ ರೊಟ್ಟಿಶೂರನ ಎರಡೂ ಕೈ ಗಾಳಿಯಲ್ಲೇ ನಿಂತುಬಿಟ್ಟವು. ತಿರುವಬೇಕಾದ ಗಳಿಗೆ ಬಂತು, ಹೋಯಿತು. ರೊಟ್ಟಿ ಕರಕಲಾಯಿತು. ಆಮೇಲೆ ಕೈಗಳಿಗೆ ಫಕ್ಕನೆ ನೆನಪಾಗಿ, ಹಂಚಿನ ಮೇಲೆ ಇಲ್ಲದ ಎರಡನೆಯ ರೊಟ್ಟಿಯನ್ನು ಬಲು ಜಾಗರೂಕತೆಯಿಂದ ತಿರುವಿದವು.

“ಚನ್ನವೀರಾ!”

“ಬಂದೆ, ಬಂದೆ! ತಡಿ ಅಕ್ಕಾ, ಏನೋ ಹೇಳಾಕತ್ತೈತಿ!”

ರೊಟ್ಟಿಶೂರ ಗಂಟಲು ಸರಿಮಾಡಿಕೊಂಡಿತು. ಹೊರಬಂದದ್ದು ದಾನಮ್ಮನದೇ ದನಿ. “ಇನ್ನೊಂದು ಹಾಕ್ಕೊಳ್ರಿ! ನಾಚಬ್ಯಾಡ್ರಿ! ಏನೂ ಉಂಡಿಲ್ಲ ನೀವು!” ಹಾಗೆನ್ನುತ್ತ ಅದು ಅರೆಬೆಂದ ರೊಟ್ಟಿಯೊಂದನ್ನು ಎತ್ತಿ ತನ್ನದೇ ಎದೆಯ ಪರದೆಗೆ, ಸೋದರಮಾವನ ಮೀಸೆಯ ಮೇಲೆ, ಫಟ್ಟನೆ ಬಡಿಯಿತು! ಇನ್ನೊಂದನ್ನು ಕೊಲ್ಹಾಪುರದ ಬೀಗರ ಬಾಯಿಗೆ ಮೆತ್ತಿತು! ಹಿಟ್ಟು ಜಾರಿ ನೆಲಕ್ಕೆ ಬೀಳುತ್ತಿದ್ದಂತೆ, “ಬಿಡ್ರಿ, ನನ್ನಾಣಿ ಐತಿ!” ಎಂದು ಮೂರನೆಯದನ್ನು ಎತ್ತಿಕೊಂಡಿತು.

ತನ್ನ ದನಿಯನ್ನೇ ಹೊರಗಿನಿಂದ ಕೇಳಿದ ದಾನಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಮರುಕ್ಷಣವೇ ತಮ್ಮನ ಕಾಲರು ಹಿಡಿದಳು.

“ಏನ್ ಬರ್ದಿಯೋ ಇದರ ತಲ್ಯಾಗ?”

“ನಿನ್ನ ನೋಡೇ ಬರ್ದದ್ದು ಅಕ್ಕಾ! ಬಂದೋರ ಉಪಚಾರ ಎಲ್ಲಾ ಕೆಲಸಕ್ಕಿಂತ ಮ್ಯಾಲಿನ ಕೆಲಸ ಅಂತ. ನೀನೂ ಹಂಗಲ್ಲೇನು? ಬಂದೋರು ಕುಂತಿರೋತನಕ ನೀ ಒಲೀ ಕಡೆ ಹೊಳ್ಳಿ ಸುದ್ದಾ ನೋಡಂಗಿಲ್ಲ!”

“ಯಾರ್ ಬಂದಾರ ಈಗ?”

“ಯಾರೂ ಇಲ್ಲ. ಮಾವಗೋಳು ಎಲ್ಲಾ ನೋಡಿ ನಿನ್ನೇನ ಹೋದ್ರು.”

“ಹೇಳಿ ಹೋದ್ರೇನು?”

“ಹೇಳಿ ಅಂದ್ರ?”

“ಏ ಮಂಗ್ಯಾ, ಮನೀಗೆ ಬಂದೋರು ಎದ್ದು ಹೋಗೋಮುಂದ ‘ಬರ್ತೀವಿ’ ಅಂತ ಹೇಳ್ತಾರೋ ಇಲ್ಲೋ? ಹೇಳ್ದ ಎದ್ದು ಹೋಗಿ ಬಾಗಲಾ ಮುಚ್ಚಿಕೊಂಡ್ರ ಒಳಗಿದ್ದೋರಿಗೆ ಹೆಂಗ ಗೊತ್ತಾಗಬೇಕು? ತಾಟು ಹಿಡಕೊಂಡು ಕಾಯ್ತಾ ಕುಂಡ್ರತಾರ!”

ಚನ್ನವೀರನ ಮುಖ ಹಂಚಿನ ಹಿಂಬದಿಯಂತಾಯಿತು. ಅವಸರದಿಂದ ಪರದೆ ಒರೆಸಿ, ಪಟ್ಟಿ ತೆಗೆದು ನೋಡಿದ. ಸರಿಯಾಗಿ ಸೈನ್ ಔಟ್ ಮಾಡಿ ಹೊರಬಿದ್ದವರು ಒಬ್ಬರೂ ಇಲ್ಲ. ಎಲ್ಲರೂ ತಮ್ಮ ಕಡೆಯ ಕಿಟಕಿ ಮುಚ್ಚಿ ನಡೆದುಬಿಟ್ಟಿದ್ದರು. ಯಂತ್ರದ ಲೆಕ್ಕದಲ್ಲಿ ಒಳಗೇ ಕೂತಿದ್ದರು. ಪ್ರತಿ ಸಲ ಬಂದಾಗಲೂ ಹೊಸ ಅತಿಥಿ.

“ಎಷ್ಟು ಮಂದಿ ಕುಂತಾರೋ?”

“ಇಪ್ಪತ್ತಾರು.” ಚನ್ನವೀರ ಪಟ್ಟಿಯ ಮೇಲೆ ಬೆರಳಿಟ್ಟು ಎಣಿಸಿದ. “ಅದರಾಗ ಮೊದಲಿನ ಮೂರು ಮಂದಿ ನಾನ, ಹದಿನಾಲ್ಕು ಮಂದಿ ಮಾವನ.”

“ಹದಿನಾಲ್ಕು ಮಾವ! ನನ್ನ ಅಡಗಿ ಮನ್ಯಾಗ!”

“ಒಬ್ಬೊಬ್ಬರಿಗೂ ಪರದಿ ಬರೆದು ತೋರಸ್ಬೇಕು, ಒಬ್ಬೊಬ್ಬರಿಗೂ ಉಪಚಾರ ಮಾಡ್ಬೇಕು. ಅದಕ್ಕ ತಲಿ ಖಾಲಿ ಇಲ್ಲ. ರೊಟ್ಟಿ ಗಳಿಗಿ ತಪ್ಪೇತಿ.”

“ಒಂದು ಒದ್ದು ಆರಿಸೋ ಹಂಗಾದ್ರ!”

“ಆಗಂಗಿಲ್ಲ ಅಕ್ಕಾ. ಬಂದೋರು ಉಣ್ಣೋಮುಂದ ದೀಪಾ ಆರಬಾರದು ಅಂತ ಒಳಗ ದೊಡ್ಡ ಬ್ಯಾಟರಿ ಇಟ್ಟು, ಗುಂಡಿ ತಗದಬಿಟ್ಟೀನಿ.”

ದಾನಮ್ಮ ಕೈಗೆ ಸಿಕ್ಕ ಸೌಟನ್ನು ಎತ್ತಿದಳು. ಆಮೇಲೆ ಗೋಡೆಯ ಗಡಿಯಾರ ನೋಡಿ ಇಳಿಸಿದಳು. ಹನ್ನೆರಡೂ ಇಪ್ಪತ್ತು. ಹೊಡೆಯಲಿಕ್ಕೆ ಸಮಯವಿರಲಿಲ್ಲ.

“ಎಲ್ಲಾರಿಗೂ ಫೋನ್ ಹಚ್ಚು. ಒಬ್ಬೊಬ್ಬರೂ ಮತ್ತ ತಾವು ಕುಂತಿದ್ದ ಜಾಗಕ್ಕನ ಬಂದು, ಹೇಳಿ ಹೋಗ್ಬೇಕು. ಹದಿನಾಲ್ಕು ಸಲ ಬಂದಿದ್ರ ಹದಿನಾಲ್ಕು ಸಲ. ನಾ ಹೊಳ್ಳಿ ಬರೋದ್ರಾಗ ಒಬ್ಬ ಉಳಿದಿದ್ರೂ ಇದರ ಕೈ ಕಿತ್ತು ಅದರಲೇ ನಿನ್ನ ತಟ್ತೀನಿ!”

ಎರಡು ಓಣಿ ದಾಟಿದರೆ ಕಲ್ಲವ್ವನ ಮನೆ. ದಾರಿಯುದ್ದಕ್ಕೂ ದಾನಮ್ಮ ತನ್ನ ಸಿಟ್ಟನ್ನು ಮಸೆಯುತ್ತ ನಡೆದಳು. ಸಿಟ್ಟಿಲ್ಲದೆ ಆ ಬಾಗಿಲು ಬಡಿಯುವ ಧೈರ್ಯ ಅವಳಿಗಿರಲಿಲ್ಲ. ಕಲ್ಲವ್ವ ಹೊಸ್ತಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ಹೇಳ್ದ ಕೇಳ್ದ ಎದ್ದು ಬರ್ತಾರೇನು ಕಲ್ಲವ್ವಾ? ಹತ್ತೊಂಬತ್ತು ವರ್ಷ ಕೂಡಿ ದುಡದೋರಿಗೆ ಒಂದು ಮಾತು ಬ್ಯಾಡಾ?”

ಕಲ್ಲವ್ವ ಒಂದು ಹರಳು ಆರಿಸಿ ಬದಿಗಿಟ್ಟಳು. ಇನ್ನೊಂದನ್ನು ಆರಿಸಿದಳು. ಓಣಿಯಲ್ಲಿ ಒಂದು ಸೈಕಲ್ಲು ಹಾದುಹೋಯಿತು.

“ಅಕ್ಕಾರ, ಅವತ್ತು ನಾ ನಿಮ್ಮ ಬಾಯಿ ನೋಡಿದ್ನಿರಿ. ಅದರಿಂದ ಮಾತು ಬರಲಿಲ್ಲ. ನನ್ನ ಬಾಯಾಗಿಂದ ಎಲ್ಲಿಂದ ಬರಬೇಕು?”

ದಾನಮ್ಮನ ಸಿಟ್ಟು ಹಿಡಿದುಕೊಳ್ಳಲು ಏನೂ ಸಿಗದೆ ನಿಂತುಬಿಟ್ಟಿತು. ಐದು ದಿನದಿಂದ ತಲೆಯೊಳಗೆ ಅರಚುತ್ತಿದ್ದದ್ದು ಇದೇ ಎಂದು ಅವಳಿಗೆ ಈಗ ತಿಳಿಯಿತು. ಗದರಲು ತೆರೆದ ಬಾಯಿಂದ ಬೇರೆಯೇ ಮಾತು ಹೊರಬಿತ್ತು.

“ಅವನಿಗೆ ಬೈಬೇಕಿತ್ತು ನಾ. ಬೈಲಿಲ್ಲ. ನಂದ ತಪ್ಪು.”

ಕಲ್ಲವ್ವ ಮೊರದ ಜೋಳವನ್ನು ಬುಟ್ಟಿಗೆ ಸುರಿದಳು. ಮೊರವನ್ನು ಗೋಡೆಗೆ ಆನಿಸಿ ಎದ್ದಳು.

“ಒಲಿ ಹಚ್ಚೇತೇನ್ರಿ?”

ಅವರು ಬಂದಾಗ ಚನ್ನವೀರ ಎರಡು ಫೋನುಗಳನ್ನು ಎರಡು ಕಿವಿಗೆ ಒತ್ತಿಕೊಂಡು ಬೆವರುತ್ತಿದ್ದ. “ಮಾವಾ, ಇನ್ನೊಂದ್ ಸಲ! ಇಲ್ಲ, ಗುಣಾಕಾರದ ಗುರುತು ಒತ್ತಬ್ಯಾಡ! ಸೈನ್ ಔಟ್! ಇದು ಒಂಬತ್ತನೇದು!”

“ಲೇ, ಅಷ್ಟು ಮಂದಿ ಮುಂದ ನನ್ನ ಎಬ್ಬಿಸಿ ಕಳಸ್ತೀಯಲ್ಲೋ!” ಎಂದು ಮಾವ ಫೋನಿನಲ್ಲಿ ಕೂಗುತ್ತಿದ್ದ.

ಕಲ್ಲವ್ವ ಯಂತ್ರದ ಕಡೆ ನೋಡದೆ ಪಕ್ಕದ ಒಲೆಯ ಮುಂದೆ ಕೂತಳು. ಪಟ, ಪಟ, ಪಟ. ಒಂದಕ್ಕೆ ಸರಿಯಾಗಿ ಹಮಾಲರ ಮುಖಂಡ ದ್ಯಾಮಣ್ಣ ಹೆಗಲಿನ ಟವೆಲು ಝಾಡಿಸುತ್ತ ಒಳಬಂದಾಗ ಬುಟ್ಟಿಯಲ್ಲಿ ಮೂವತ್ತು ರೊಟ್ಟಿಗಳಿದ್ದವು. ಎರಡಕ್ಕೆ ಅರವತ್ತು ಮಂದಿಯೂ ಕೈ ತೊಳೆದುಕೊಂಡಿದ್ದರು. ದ್ಯಾಮಣ್ಣ ಡರ್ರನೆ ತೇಗಿದ. ಅದೇ ಹೊತ್ತಿಗೆ ಇಳಕಲ್ಲಿನ ಹದಿನಾಲ್ಕನೆಯ ಮಾವ ಹೇಳಿ ಹೊರಟ. ಕೆಂಪು ಅಂಕಿ ಸರಸರನೆ ಇಳಿದು ಎರಡಕ್ಕೆ ಬಂದು ಹಸಿರಾಯಿತು. ಫ್ಯಾನಿನ ಅರಚಾಟ ನಿಂತು, ಅಡಿಗೆಮನೆಯಲ್ಲಿ ಮೂರು ದಿನದಿಂದ ಕಾಣದಿದ್ದ ಸದ್ದಿಲ್ಲದ ಹೊತ್ತು ಬಂತು.

“ನೋಡಕ್ಕಾ! ಎರಡು! ಸುಮ್ನ ಅಂದ್ರ ಇದು ಸುಮ್ನ!” ಎಂದು ಚನ್ನವೀರ ಕುಣಿದ.

ರೊಟ್ಟಿಶೂರ ಸುತ್ತಮುತ್ತ ಒಮ್ಮೆ ನೋಡಿತು. ಬಂದವರು ಯಾರೂ ಉಳಿದಿರಲಿಲ್ಲ. ಅದು ಉಳಿದ ಕೊನೆಯ ಮುದ್ದೆಯನ್ನು ಎತ್ತಿಕೊಂಡು, ಈವರೆಗೆ ತಟ್ಟದಷ್ಟು ತೆಳ್ಳಗೆ, ದುಂಡಗೆ, ಒಂದು ರೊಟ್ಟಿ ತಟ್ಟಿತು. ಗಳಿಗೆ ತಪ್ಪದೆ ತಿರುವಿ ಉಬ್ಬಿಸಿತು. ನಾಲ್ಕಾಗಿ ಮಡಚಿತು. ಮಡಚಿದ್ದನ್ನು ತನ್ನ ಹೊಟ್ಟೆಯ ಗಾಳಿಕಿಂಡಿಯೊಳಗೆ ಮೆಲ್ಲನೆ ತುರುಕಿಕೊಂಡಿತು.

“ಅಯ್ಯೋ! ಅಯ್ಯೋ!” ಚನ್ನವೀರ ತಲೆ ಹಿಡಿದುಕೊಂಡ. “ಎಲ್ಲಾರೂ ಉಂಡ ಮ್ಯಾಲೆ ಮನಿಯಾಕಿ ಉಣಬೇಕು ಅಂತನೂ ಬರ್ದಿದ್ನಲ್ಲಾ!”

ಒಳಗೆ ಚಟಚಟ ಎಂದಿತು. ಕಿಂಡಿಯಿಂದ ಹೊಗೆ ಸುರುಳಿ ಸುರುಳಿಯಾಗಿ ಬಂತು. ಎರಡು ಸೊನ್ನೆಯಾಯಿತು. ರಬ್ಬರಿನ ಕೈಗಳೆರಡೂ ಮಡಿಲಿಗೆ ಬಂದು ಬಿದ್ದವು.

ದಾನಮ್ಮ ಬೈಯಲು ಬಾಯಿ ತೆರೆದಳು. ಆದರೆ ಕಲ್ಲವ್ವನೇ ಮೊದಲು ಮಾತಾಡಿದಳು.

“ಪಾಪ, ಪಲ್ಯಾ ಇಲ್ದ ಉಂಡ್ತು.”