ನೈರೋಬಿಯ ಟೊಮ್ಯಾಟೊ, ಧಾರವಾಡದ ಚೌಕಾಸಿ

ಕೀನ್ಯಾದಲ್ಲಿ ಬೆಲೆ ಎಷ್ಟು ಏರಿತು, ಹೋದ ವರ್ಷ ಕೊಂಡಷ್ಟೇ ಸಾಮಾನನ್ನ ಅಲ್ಲಿನ ಸಂಸಾರಗಳು ಈ ವರ್ಷವೂ ಕೊಳ್ಳಬಹುದಾ ಅಂತ ಡಲ್ಲಾಸ್ ಪಕ್ಕದ ಲಾಸ್ ಕೊಲಿನಾಸ್‌ನಲ್ಲಿ ಕೂತು ಲೆಕ್ಕ ಹಾಕೋದು ನನ್ನ ಹೊಟ್ಟೆಪಾಡು. ಲೆಕ್ಕ ಒಂದು ಸಲ ತಪ್ಪಿದರೂ ಕಾಂಟ್ರ್ಯಾಕ್ಟ್ ಹೋಗುತ್ತೆ, ಜೊತೆಗೆ ನೀನೂ ಅಂತ ಆಸ್ಟಿನ್‌ನಲ್ಲಿರೋ ಬಾಸ್ ಹೇಳೇ ಇಟ್ಟಿದ್ದಾಳೆ. ಇಂಥ ಕೆಲಸ ಮಾಡೋನು ಫಜೀತಿಯನ್ನ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಮನೆ ವಿಳಾಸ ಕೇಳಿಕೊಂಡು ಬರುತ್ತೆ.

೧. ಮೊಟ್ಟೆ

ಹ್ಯೂಸ್ಟನ್ ಹತ್ತಿರದ ಕೇಟಿಯಲ್ಲಿ ಒಂದು ಗೃಹಪ್ರವೇಶ. ರಿಟೈರ್ ಆದ ಡಾಕ್ಟರ್ ಅಂಕಲ್ ಒಬ್ಬರು ನನ್ನನ್ನ ಪಕ್ಕಕ್ಕೆ ಕರೆದರು.

'ಬೆಲೆ ಏರಿಕೆಯಲ್ಲಿ ನೀನು ಎಕ್ಸ್‌ಪರ್ಟ್ ಅಂತೆ. ಮೊಟ್ಟೆ ರೇಟು ಯಾವಾಗ ಇಳಿಯುತ್ತೆ?'

'ಅಂಕಲ್, ನನಗೆ ಗೊತ್ತಿರೋದು ಕೀನ್ಯಾದ್ದು.'

'ಅದನ್ನೇ ಹೇಳು.'

ಹೇಳಿದೆ. ಅವರು ಮನಸ್ಸಿನಲ್ಲೇ ಡಾಲರ್‌ಗೆ ತಿರುಗಿಸಿ ನೋಡಿ, 'ಅಲ್ಲೇ ಚೀಪು ಕಣಯ್ಯ. ವಿಮಾನದ ಟಿಕೆಟ್ ಎಷ್ಟಾಗುತ್ತೆ?' ಅಂದರು.

೨. ಸೀರೆ

ಮಾರನೇ ದಿನ ಹ್ಯೂಸ್ಟನ್‌ನ ಹಿಲ್‌ಕ್ರಾಫ್ಟ್ ಬೀದಿಯ ಸೀರೆ ಅಂಗಡಿ. ನನ್ನ ಹೆಂಡತಿ ಧಾರವಾಡದವಳು. ಯಾವುದು ತಗೊಳ್ಳೋದು ಅಂತ ಎರಡು ಸೀರೆ ಹಿಡಿದು ನಿಂತಿದ್ದಳು. ಖರ್ಚು ತಡೆಯೋಣ ಅಂತ ಅವಳಿಗೆ ಪಾಠ ಶುರು ಮಾಡಿದೆ. 'ಸಂಬಳಕ್ಕಿಂತ ಬೆಲೆ ಜೋರಾಗಿ ಏರ್ತಿದೆ. ನಮ್ಮ ಕೊಳ್ಳೋ ಶಕ್ತಿ ಕಮ್ಮಿ ಆಗಿದೆ.'

'ಮುಂದಿನ ವರ್ಷ ಇನ್ನೂ ಕಮ್ಮಿ ಆಗತದೇನ್ರಿ?'

'ಖಂಡಿತ.'

'ಹಂಗಾದ್ರ ಎರಡೂ ಸೀರಿ ಈಗ ತಗೊಳ್ಳೋದು ಛಲೋ.'

ನಾನು ಓದಿದ ಅರ್ಥಶಾಸ್ತ್ರದ ಪುಸ್ತಕದಲ್ಲೂ ಹಾಗೇ ಇದೆ. ಕಾರ್ಡ್ ಕೊಟ್ಟೆ.

೩. ಟೊಮ್ಯಾಟೊ

ತಿಂಗಳಿಗೊಮ್ಮೆ ನೈರೋಬಿಯ ಅಂಗಡಿಗಳಿಗೆ ಫೋನ್ ಮಾಡಿ ರೇಟು ಬರೆದುಕೊಳ್ಳಬೇಕು. ಒಂದು ಸಲ ಗಂಟಲು ಕಟ್ಟಿ ನನಗೆ ದನಿಯೇ ಇರಲಿಲ್ಲ. ಅಲ್ಲಿ ತರಕಾರಿ ಅಂಗಡಿ ಇಟ್ಟಿರೋ ಗುಜರಾತಿ ಆಂಟಿಗೆ ಹಿಂದಿ ಬರುತ್ತೆ. 'ನಾ ಕೇಳತೀನಿ ಕೊಡ್ರಿ' ಅಂತ ಹೆಂಡತಿ ಪಟ್ಟಿ ಕಿತ್ತುಕೊಂಡಳು. ಅರ್ಧ ಗಂಟೆಯಲ್ಲಿ ತುಂಬಿ ಕೊಟ್ಟಳು. ನಾನು ಕಣ್ಣು ಹಾಯಿಸದೆ ಕಳಿಸಿದೆ, ಅದೇ ತಪ್ಪು.

ಮರುದಿನ ಬೆಳಿಗ್ಗೆ ಬಾಸ್ ಫೋನ್. 'ಊರಲ್ಲೆಲ್ಲ ರೇಟು ಏರಿದೆ. ಈ ಒಂದು ಅಂಗಡಿಯಲ್ಲಿ ಮಾತ್ರ ಎಲ್ಲಾ ಇಳಿದಿದೆ. ಹತ್ತು ಗಂಟೆಯೊಳಗೆ ಸರಿಯಾದ ರೇಟು ಬರಲಿಲ್ಲ ಅಂದರೆ ಬೇರೆ ಕೆಲಸ ನೋಡಿಕೋ.'

ಹೆಂಡತಿಯನ್ನ ಕೇಳಿದೆ.

'ಆಕಿ ಹೇಳಿದ್ದನ್ನ ಹಂಗ ಬರಕೊಳ್ಳಾಕ ನನಗೇನ್ ಹುಚ್ಚ ಏನ್ರಿ? ಚೌಕಾಸಿ ಮಾಡಿ ಇಳಿಸೀನಿ.'

ಒಡಕು ದನಿಯಲ್ಲೇ ನೈರೋಬಿಗೆ ಫೋನ್ ಮಾಡಿ, ನಿಜವಾದ ರೇಟು ಹೇಳಿ ಅಂತ ಆಂಟಿಯನ್ನ ಬೇಡಿಕೊಂಡೆ.

'ರೇಟು ಇರಲಿ ಭಾಯಿ, ಸಾಮಾನು ಯಾವಾಗ ಒಯ್ತೀರಿ? ಹತ್ತು ಕಿಲೋ ಟೊಮ್ಯಾಟೊ ಕಟ್ಟಿಡಿ ಅಂದಿದ್ದರು ನಿಮ್ಮ ಮನೆಯವರು. ನಿನ್ನೆಯಿಂದ ಬಾಗಿಲಲ್ಲಿದೆ. ಮೊದಲು ಅದರ ದುಡ್ಡು, ಆಮೇಲೆ ಬಾಕಿ ಮಾತು.'

ಹೆಂಡತಿ ಕಡೆ ತಿರುಗಿದೆ.

'ಮತ್ತ? ಅಷ್ಟು ಇಳಿಸಿ ತಗೋಳಾರ್ದ ಬಿಟ್ರ ಮರ್ಯಾದಿ ಏನ್ ಉಳೀತು? ನಿಮ್ಮ ಆಫೀಸಿನವರು ಯಾರಾರ ಒಯ್ತಾರ ಅಂದ್ಕೊಂಡೆ.'

ಗಡಿಯಾರದಲ್ಲಿ ಒಂಬತ್ತೂಮುಕ್ಕಾಲು. ಆಂಟಿ ಕೇಳಿದಷ್ಟು ದುಡ್ಡನ್ನ ತಕ್ಷಣ ಫೋನಿನಲ್ಲೇ ಕಳಿಸಿದೆ. ಆಂಟಿ ಒಂದೊಂದಾಗಿ ರೇಟು ಹೇಳಿದರು, ನಾನು ಬಾಸ್‌ಗೆ ಕಳಿಸಿದೆ. 'ಸರಿ ಇದೆ' ಅಂತ ಉತ್ತರ ಬಂತು. ಕೆಲಸ ಉಳಿಯಿತು, ಜೀವ ಬಂತು. ಟೊಮ್ಯಾಟೊ ಯಾರಿಗಾದರೂ ಕೊಟ್ಟುಬಿಡಿ ಆಂಟಿ ಅಂದೆ.

ಹೆಂಡತಿ ಮೆಲ್ಲಗೆ ಕೇಳಿದಳು, 'ಟೊಮ್ಯಾಟೊಕ್ಕ ಯಾವ ರೇಟಿಗೆ ದುಡ್ಡು ಕೊಟ್ರಿ? ನಾ ಇಳಿಸಿದ್ದಕ್ಕೊ, ಆಕಿ ಹೇಳಿದ್ದಕ್ಕೊ?'

'ಆಕೆ ಹೇಳಿದ್ದಕ್ಕೆ.'

'ಫೋನ್ ಇಡಬ್ಯಾಡ್ರಿ. ಇಲ್ಲಿ ಕೊಡ್ರಿ.'