ಹಗ್ಗ ಹಿಡಿದು ಕಲಿತ ಒಂಟಿಚಕ್ರ

ಬ್ಯಾಲೆನ್ಸಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬುದು ನನ್ನ ಬಹುಕಾಲದ ಅಭಿಪ್ರಾಯವಾಗಿತ್ತು. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು, ಎರಡೂ ಕೈ ಬೀಸಿಕೊಂಡು ನಡೆದ ಹೆಂಗಸರ ವಂಶ ನಮ್ಮದು. ನನ್ನ ಅಬ್ಬಿಯಂತೂ ಬುಟ್ಟಿ ಹೊತ್ತುಕೊಂಡೇ ಜಗಳವಾಡುತ್ತಿದ್ದಳು. ಒಂದು ಬಂಗುಡೆಯೂ ಕೆಳಗೆ ಬೀಳುತ್ತಿರಲಿಲ್ಲ! ಅಂಥವಳ ಮಗಳು ನಾನು, ಜಲಜಾಕ್ಷಿ.

ನಾನು ಬುಟ್ಟಿ ಹೊರಲಿಲ್ಲ. ತೆಕ್ಕಟ್ಟೆ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟೆ. ಮನೆ ಕಡಲ ಬದಿಯಲ್ಲಿದೆ. ನಮ್ಮ ಮನೆಯವರು ಸ್ಕೂಟರಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು, ಹಾರ್ನ್ ಬಾರಿಸುತ್ತ ಕೆರಾಡಿ ಕಡೆಯ ಮನೆಗಳಿಗೆ ಮೀನು ಮಾರುತ್ತಾರೆ. ಎಲ್ಲ ಸುಸೂತ್ರವಾಗಿಯೇ ಇತ್ತು, ಮಹಿಳಾ ಮಂಡಲದ ವಾರ್ಷಿಕೋತ್ಸವ ಒಂದು ಬಿಟ್ಟು.

ನಿಂಬೆಹಣ್ಣು-ಚಮಚ ಇರಲಿ, ಸಂಗೀತ ಕುರ್ಚಿ ಇರಲಿ, ಪ್ರಥಮ ಬಹುಮಾನ ನಮ್ಮ ನೆರೆಮನೆಯ ಸುಗಂಧಿಗೆ. ಅವಳ ಮನೆಯ ಅಡುಗೆಕೋಣೆ ತುಂಬ ಬಹುಮಾನದ ಸ್ಟೀಲ್ ಪಾತ್ರೆ. ನನಗೆ ಸಮಾಧಾನಕರ ಬಹುಮಾನ, ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿ. ಪ್ರತಿ ವರ್ಷ! ಮನೆಯಲ್ಲಿ ಸೋಪಿಗಿಂತ ಡಬ್ಬಿ ಜಾಸ್ತಿಯಾಗಿ, ಒಂದರಲ್ಲಿ ಹುಕ್ಸು, ಒಂದರಲ್ಲಿ ಗುಂಡಿ, ಒಂದರಲ್ಲಿ ಅತ್ತೆಯ ಬಿಪಿ ಮಾತ್ರೆ ಹಾಕಿಟ್ಟಿದ್ದೆವು. ಸಾಯುವುದರೊಳಗೆ ಸ್ಟೀಲಿನದು ಏನಾದರೊಂದು ಗೆಲ್ಲಬೇಕು. ನನ್ನ ಆಸೆ ಇಷ್ಟೇ.

ಹೀಗಿರುವಾಗ ಮುಂಬೈ ಹೋಟೆಲಿನಲ್ಲಿರುವ ನನ್ನ ಮೈದುನ ಫೋನ್ ಮಾಡಿ, “ಅತ್ತಿಗೆ, ಒಂದ್ ಸೈಕಲ್ ಬಸ್ಸಿಗ್ ಹಾಕಿದೆ, ಇಳಿಸ್ಕಣಿ” ಎಂದ. ಅವರ ಬಿಲ್ಡಿಂಗಿನಲ್ಲಿ ಮನೆ ಖಾಲಿ ಮಾಡಿದವರು ಯಾರೋ ಬಿಟ್ಟುಹೋದದ್ದಂತೆ. ಬೆಳಿಗ್ಗೆ ಹೈವೇಯಲ್ಲಿ ಬಸ್ಸು ನಿಂತಾಗ ಕ್ಲೀನರ್ ತೆಗೆದುಕೊಟ್ಟದ್ದು ಒಂದು ಚಕ್ರ, ಅದಕ್ಕೆ ಎರಡು ಪೆಡಲು, ಮೇಲೊಂದು ಸೀಟು. ನಮ್ಮ ಮನೆಯವರು ಬಿಡುತ್ತಾರೆಯೇ? “ಅರ್ಧ ಸೈಕಲ್ ಎಲ್ಲ್ ಹೋಯ್ತ್? ಹ್ಯಾಂಡಲ್ ಎಲ್ಲಿತ್ತ್?” ಎಂದು ಬಸ್ಸಿಗೆ ಅಡ್ಡ ನಿಂತರು. ಲಗೇಜು ಪೂರ್ತಿ ಹೊರಗೆ ಬಂತು. ಪ್ರಯಾಣಿಕರೂ ಇಳಿದು ಹುಡುಕಿದರು. ಯಾರದೋ ಕಳೆದುಹೋದ ಕೊಡೆ ಸಿಕ್ಕಿತು. ಮುಂದಿನ ಚಕ್ರ ಮಾತ್ರ ಸಿಗಲಿಲ್ಲ. ಕೊನೆಗೆ ಮೈದುನನಿಗೇ ಫೋನ್ ಹೋಯಿತು.

“ಅಣ್ಣಾ, ಅದ್ ಇಪ್ಪುದೇ ಹಾಂಗೆ! ಒಂದೇ ಚಕ್ರ. ಅದ್ರ ಮೇಲೆ ಕೂಕಂಡ್ ಹೋಪುದ್.”

“ಹೋಪುದ್ ಎಲ್ಲಿಗೆ? ಆಸ್ಪತ್ರೆಗಾ?”

ಮನೆಗೆ ತಂದು ಅಂಗಳದಲ್ಲಿ ಒರಗಿಸಿದ ಆ ವಸ್ತುವನ್ನು ನಾನು ಸುತ್ತು ಬಂದು ನೋಡಿದೆ. ನೋಡುತ್ತಿದ್ದಂತೆಯೇ ನನಗೆ ಜ್ಞಾನೋದಯವಾಯಿತು.

“ಹ್ವಾಯ್, ನನ್ ಹೊಲಿಗೆ ಮಿಷನ್‌ಗೆ ಕಾಲಿನ್ ಹತ್ರ ಎಷ್ಟ್ ಚಕ್ರ ಇತ್ತ್?”

“ಒಂದ್.”

“ಹ್ಯಾಂಡಲ್ ಇತ್ತಾ?”

“ಇಲ್ಲೆ.”

“ದಿನಾ ಅದ್ರ ಪೆಡಲ್ ತುಳೂದ್ ಯಾರ್?”

“ನೀನೇ. ಆರೆ ಮಿಷನ್ ನಾಕ್ ಕಾಲಲ್ ನಿಂತ್ಕಂಡಿರತ್ ಮರಾಯ್ತಿ! ಇದ್ ನಿಂತ್ಕಣತ್ತಾ?”

ಇಂಥ ಸಣ್ಣಪುಟ್ಟ ತಾಂತ್ರಿಕ ವಿಚಾರಗಳಿಗೆಲ್ಲ ನಾನು ಕಿವಿಗೊಡುವವಳಲ್ಲ. ಅದೇ ವಾರ ಮಂಡಲದ ಸಭೆಯಲ್ಲಿ ಅಧ್ಯಕ್ಷೆ, “ಈ ಸಲ ಆಟಕ್ಕೆ ಹೊಸತೆಂತಾರೂ ಇತ್ತಾ?” ಎಂದು ಕೇಳಿದರು. ಸುಗಂಧಿ ಬಾಯಿ ಹಾಕಿದಳು. “ಹೊಸತೆಂತಕ್ಕೆ? ಜಲಜಕ್ಕಂಗೆ ಹಳೇದ್ರಲ್ಲೇ ಸೋಪಿನ್ ಡಬ್ಬಿ ಸಿಕ್ಕತ್ತಲ್ದಾ!”

ಎಲ್ಲರೂ ನಕ್ಕರು. ನನಗೆ ಉರಿದುಹೋಯಿತು. ಎದ್ದು ನಿಂತು ಘೋಷಿಸಿಬಿಟ್ಟೆ. “ನಾನ್ ಒಂದೇ ಚಕ್ರದ್ ಸೈಕಲ್ ಬಿಡ್ತೆ. ಮೈದಾನದ್ ಈ ಬದಿಯಿಂದ ಆ ಬದಿಗೆ!”

ನಗು ನಿಂತಿತು. ಅಧ್ಯಕ್ಷೆ ಭಾವಪರವಶರಾಗಿ, “ದಾಟಿರೆ ನಿಂಗೆ ದೊಡ್ಡ ಸ್ಟೀಲ್ ಡಬ್ಬಿ. ಮುಚ್ಚಳ ಸಮೇತ!” ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮರುದಿನವೇ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಹಾಕಿಸಿದರು. “ಒಂಟಿಚಕ್ರ ಸಾಹಸಿ ಶ್ರೀಮತಿ ಜಲಜಾಕ್ಷಿ.” ಮುಖ ನನ್ನದೇ. ಕುತ್ತಿಗೆಯಿಂದ ಕೆಳಗೆ ಯಾವನೋ ಪೈಲ್ವಾನ. ಅತ್ತೆ ಅದರ ಮುಂದೆ ಬಹಳ ಹೊತ್ತು ನಿಂತು, “ತಲೆ ನಿಂದೇ. ಕೈ ಯಾರ್ದ್ ಇದ್, ಹೆಣೆ?” ಎಂದು ಕೇಳಿದರು.

ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ. ಅಂಗಳದಲ್ಲಿ ಅಭ್ಯಾಸ ಶುರುವಾಯಿತು. ತೆಂಗಿನ ಮರ ಹಿಡಿದುಕೊಂಡು ಹತ್ತಿದೆ. ಹತ್ತಿದ್ದು ಸರಿಯಾಯಿತು. ಮರ ಬಿಟ್ಟೆ. ಸೈಕಲ್ ಮುಂದೆ ಹೋಯಿತು. ನಾನು ಹಿಂದೆ ಉಳಿದೆ, ಅದೂ ಆಕಾಶದಲ್ಲಿ! ಕೆಳಗೆ ಬಂದಾಗ ಅತ್ತೆ ಚಾಪೆಯ ಮೇಲೆ ಒಣಗಲು ಹಾಕಿದ್ದ ಮೀನಿನ ನಡುವೆ ಮಲಗಿದ್ದೆ.

ಅತ್ತೆ ಕಾಗೆ ಓಡಿಸುವ ಕೋಲನ್ನು ನೆಲಕ್ಕೆ ಕುಟ್ಟಿದರು. “ಕಾಕಿ ಬತ್ತತ್ ಅಂದೇಳಿ ಕೋಲ್ ಹಿಡ್ಕಂಡ್ ಕೂತ್ರೆ, ಸೊಸಿ ಬಂತ್ ಕಾಣಿ!”

ಎಷ್ಟು ಮಿಂದರೂ ಆ ವಾಸನೆ ಹೋಗಲಿಲ್ಲ. ಅಂಗಡಿಗೆ ಬ್ಲೌಸಿನ ಅಳತೆ ಕೊಡಲು ಬಂದವರು ಉಸಿರು ಬಿಗಿಹಿಡಿದು ನಿಂತರು. ಅಳತೆಯೆಲ್ಲ ತಪ್ಪಿತು. ಪೇಟೆಯ ಬೆಕ್ಕುಗಳು ಮಾತ್ರ ನನ್ನ ಮಿಷನ್ನಿನ ಕೆಳಗೆ ಸಭೆ ಸೇರಿ, ಸಂಜೆ ಬಾಗಿಲು ಹಾಕುವವರೆಗೆ ಕದಲಲಿಲ್ಲ.

ಮರುದಿನ ನೈಟಿ ಪೆಡಲಿಗೆ ಸುತ್ತಿಕೊಂಡಿತು. ಸೈಕಲ್ ಬಿದ್ದ ಕಡೆಗೇ ನಾನೂ ಬೀಳಬೇಕಾಯಿತು. ಆಗ ನನ್ನೊಳಗಿನ ಟೈಲರ್ ಎಚ್ಚೆತ್ತಳು. ದಪ್ಪ ಬಟ್ಟೆಯಲ್ಲಿ ಒಂದು ಪ್ಯಾಂಟು ಹೊಲಿದು, ಮಂಡಿಗೆ, ಸೊಂಟಕ್ಕೆ ಮತ್ತು ಬೀಳುವಾಗ ಮೊದಲು ನೆಲ ಮುಟ್ಟುವ ಜಾಗಕ್ಕೆ ಬ್ಲೌಸಿಗೆ ಹಾಕುವ ಸ್ಪಂಜಿನ ಪ್ಯಾಡುಗಳನ್ನು ಧಾರಾಳವಾಗಿ ಇಟ್ಟೆ. ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಹಾಸಿಗೆಯೊಂದು ಎದ್ದು ನಿಂತ ಹಾಗಿತ್ತು. ನಮ್ಮ ಮನೆಯವರು ಒಂದು ಸಲ ನೋಡಿದರು. ಹೊರಗೆ ಹೋಗಿ ಸ್ಕೂಟರ್ ಹತ್ತಿರ ನಿಂತು ನಕ್ಕು ಬಂದರು.

“ಅಂಗಳ್ದಲ್ ಆತಿಲ್ಲೆ. ಕಡಲ್ ಬದಿಯಂಗೆ ಒದ್ದೆ ಮರಳ್ ಗಟ್ಟಿ ಇರತ್ತ್, ಅಲ್ಲಿಗ್ ಹೋಪ” ಎಂದು ಅವರೇ ಹೇಳಿದರು.

ಕಡಲ ಬದಿಯಲ್ಲಿ ಅವತ್ತು ಕೈರಂಪಣಿ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ನೀರಿಗೆ ಬಿಟ್ಟು, ಅದರ ಹಗ್ಗದ ಎರಡೂ ತುದಿಯನ್ನು ದಡಕ್ಕೆ ತಂದು, ಜನ ಸಾಲಾಗಿ ನಿಂತು “ಐಸಾ! ಐಸಾ!” ಎನ್ನುತ್ತ ಮೆಲ್ಲಗೆ ಎಳೆಯುವುದು. ಹಗ್ಗ ಸೊಂಟದ ಎತ್ತರಕ್ಕೆ ಬಿಗಿಯಾಗಿ ನಿಂತಿತ್ತು. ಹಿಡಿದುಕೊಳ್ಳಲು ಅದಕ್ಕಿಂತ ಒಳ್ಳೆಯದು ಬೇರೆ ಏನು ಬೇಕು? ಕಡಲಿಗೆ ಬೆನ್ನು ಹಾಕಿ, ಹಗ್ಗ ಹಿಡಿದು ಸೈಕಲ್ ಹತ್ತಿದೆ. “ಐಸಾ!” ಹಗ್ಗ ಹೋಯಿತು. ಹಗ್ಗದ ಜತೆ ನಾನೂ ಹೋದೆ! ಚಕ್ರ ತಿರುಗಿತು. ಬೀಳಲಿಲ್ಲ!

“ಹ್ವಾಯ್! ಹೋಯ್ತ್ ಕಾಣಿ! ಹೋಯ್ತ್!” ಎಂದು ಕಿರುಚಿದೆ. ಸಂತೋಷಕ್ಕೆ ಕಣ್ಣಲ್ಲಿ ನೀರೇ ಬಂತು.

ಬಲೆ ದಡಕ್ಕೆ ಬಂದ ಮೇಲೆ, ರಂಪಣಿಯ ಹಿರಿಯ ಶೀನಣ್ಣ ಒಂದು ಬೊಗಸೆ ಬಂಗುಡೆಯನ್ನು ನನ್ನ ಮುಂದೆ ಹಿಡಿದರು.

“ನಂಗೆಂತಕ್ಕೆ ಶೀನಣ್ಣ? ನಾನ್ ಎಳಿಲಿಲ್ಲೆ ಅಲ್ದಾ?”

“ಎಳಿ, ಎಳೀದೆ ಬಿಡ್. ಹಗ್ಗ ಮುಟ್ಟಿದವ್ರಿಗೆಲ್ಲ ಪಾಲ್ ಇತ್ತ್.”

ಮೀನು ಮಾರುವವರ ಮನೆಯಲ್ಲಿ ಒಳ್ಳೆಯ ಮೀನು ಉಳಿಯುವುದಿಲ್ಲ, ಅದೆಲ್ಲ ಗಿರಾಕಿಗಳಿಗೆ ಹೋಗುತ್ತದೆ. ಆ ಬಂಗುಡೆ ಕಂಡದ್ದೇ ಅತ್ತೆಯ ಕೋಪ ಇಳಿಯಿತು. “ಕಲಿಕ್ ಹೆಣೆ, ಕಲಿಕ್. ದಿನಾ ಹೊಯ್ಕ್” ಎಂದು ಸಾರು ಕುದಿಸುತ್ತಲೇ ಪ್ರೋತ್ಸಾಹಿಸಿದರು. ದಿನಾ ಹೋದೆ. ಮನೆಯಲ್ಲಿ ಮೀನಿನ ಸುಗ್ಗಿಯಾಯಿತು. ಹಗ್ಗ ಬಿಟ್ಟು ನೋಡಬೇಕೆಂದು ಮಾತ್ರ ನನಗೆ ತೋಚಲೇ ಇಲ್ಲ. ಅಷ್ಟು ಚಂದವಾಗಿ ಹೋಗುತ್ತಿರುವಾಗ ಯಾರಾದರೂ ಹಗ್ಗ ಬಿಡುತ್ತಾರೆಯೇ?

ವಾರ್ಷಿಕೋತ್ಸವದ ದಿನ ಬೆಳಿಗ್ಗೆ ಶಾಲಾ ಮೈದಾನದಲ್ಲಿ ಸೈಕಲ್ ಹತ್ತಿದೆ. ಬಿದ್ದೆ. ಮತ್ತೆ ಹತ್ತಿದೆ. ಮತ್ತೆ ಬಿದ್ದೆ. ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು.

“ಹ್ವಾಯ್, ಇಲ್ಲ್ ಹಗ್ಗ ಇಲ್ಲೆ!”

“ಕಡಲೂ ಇಲ್ಲೆ” ಎಂದರು ನಮ್ಮ ಮನೆಯವರು. ನನ್ನ ಮುಖ ನೋಡಿ ಸ್ಕೂಟರ್ ಹತ್ತಿ ಹೋಗಿ, ಶೀನಣ್ಣನಿಂದ ರಂಪಣಿಯ ಹಳೆಯ ಹಗ್ಗ ಹೊತ್ತು ತಂದರು. ಮಂಡಲದ ನಿಯಮದಂತೆ ಗಂಡಸರು ಮೈದಾನಕ್ಕೆ ಇಳಿಯುವಂತಿರಲಿಲ್ಲ. ಆದ್ದರಿಂದ ಒಂದು ತುದಿಯಲ್ಲಿ ಕೆಲವು ಹೆಂಗಸರು “ಐಸಾ” ಹೇಳಿ ಮೆಲ್ಲ ಎಳೆಯುವುದು, ಇನ್ನೊಂದು ತುದಿಯಲ್ಲಿ ಕೆಲವರು ಹಗ್ಗ ಬಿಗಿಹಿಡಿದು ಮೆಲ್ಲ ಸಡಿಲಿಸುತ್ತ ಕಡಲಿನ ಕೆಲಸ ಮಾಡುವುದು ಎಂದು ತೀರ್ಮಾನವಾಯಿತು.

“ಕಡಲ್ ನಾನ್ ಆತೆ” ಎಂದು ಸುಗಂಧಿ ತನ್ನ ಹಗ್ಗಜಗ್ಗಾಟದ ತಂಡದೊಂದಿಗೆ ಮುಂದೆ ಬಂದಳು. ಎಷ್ಟು ಒಳ್ಳೆಯ ಮನಸ್ಸು ಎಂದು ನನ್ನ ಹೃದಯ ತುಂಬಿ ಬಂತು.

ಜನ ಜಮಾಯಿಸಿದರು. ಬಹುಮಾನದ ಮೇಜಿನ ಮೇಲೆ ಎರಡು ದೊಡ್ಡ ಸ್ಟೀಲ್ ಡಬ್ಬಿ ಬಿಸಿಲಿಗೆ ಹೊಳೆಯುತ್ತಿದ್ದವು, ಒಂದು ಹಗ್ಗಜಗ್ಗಾಟ ಗೆದ್ದವರಿಗೆ, ಇನ್ನೊಂದು ನನಗೆ. ಅದನ್ನೇ ನೋಡುತ್ತ, ಸ್ಪಂಜಿನ ಪ್ಯಾಂಟಿನಲ್ಲಿ ಮೈದಾನದ ಈ ಬದಿಯಲ್ಲಿ ಸೈಕಲ್ ಏರಿ ಹಗ್ಗ ಹಿಡಿದೆ. “ಐಸಾ!” ಚಕ್ರ ತಿರುಗಿತು. ಚಪ್ಪಾಳೆ! ಇನ್ನೊಂದು “ಐಸಾ!” ಇನ್ನಷ್ಟು ಚಪ್ಪಾಳೆ! ಮೈದಾನದ ನಡುವೆ ಬರುವಷ್ಟರಲ್ಲಿ, ಡಬ್ಬಿಯಲ್ಲಿ ಸಕ್ಕರೆ ಹಾಕುವುದೋ ಅಕ್ಕಿ ಹಾಕುವುದೋ ಎಂದು ಯೋಚಿಸತೊಡಗಿದೆ.

ಅಷ್ಟರಲ್ಲಿ, ಆಟ ನಡೆಸಿಕೊಡಲು ಬಂದು ಚಹಾ ಕುಡಿಯಲು ಹೋಗಿದ್ದ ಪಿ.ಟಿ. ಮಾಸ್ಟ್ರು ವಾಪಸು ಬಂದರು. ಅವರ ಕಣ್ಣಿಗೆ ಕಂಡದ್ದು ಒಂದು ಹಗ್ಗ, ಎರಡು ತುದಿಗೆ ಎರಡು ತಂಡ. ತಾನಿಲ್ಲದೆ ಹಗ್ಗಜಗ್ಗಾಟ ಶುರುವಾಗಿದೆಯೆಂದು ಗಾಬರಿಯಾಗಿ ಪೀಪಿ ಊದಿಯೇಬಿಟ್ಟರು!

ಪೀಪಿ ಕೇಳಿದ ಮೇಲೆ ಸುಗಂಧಿ ಕಡಲಾಗಿ ಉಳಿಯಲಿಲ್ಲ. ಎಷ್ಟೋ ವರ್ಷಗಳ ಅಭ್ಯಾಸ. ಕಾಲು ತನ್ನಷ್ಟಕ್ಕೇ ಊರಿತು, ತಂಡ ಹಿಂದಕ್ಕೆ ವಾಲಿತು. ಹಗ್ಗ ದಿಕ್ಕು ಬದಲಿಸಿತು. ಮುಂದೆ ಹೋಗುತ್ತಿದ್ದವಳು ಹಿಂದೆ ಹೋಗತೊಡಗಿದೆ, ಮುಂದೆ ಎಂದೂ ಹೋಗದ ವೇಗದಲ್ಲಿ! ಪೆಡಲು ತಿರುಗಿದ ಕಡೆಗೆ ಕಾಲೂ ತಿರುಗಿತು. ಹೊಲಿಗೆ ಮಿಷನ್ ಹಿಂದಕ್ಕೆ ತಿರುಗಿದರೆ ದಾರ ತುಂಡಾಗುತ್ತದೆ. ಇಲ್ಲಿ ತುಂಡಾಗಲು ದಾರವೂ ಇರಲಿಲ್ಲ, ಇದ್ದದ್ದು ನಾನೊಬ್ಬಳೇ!

“ಹೆಣೆ, ಹಗ್ಗ ಬಿಡ್! ಹಗ್ಗ ಬಿಡ್!” ಎಂದು ನಮ್ಮ ಮನೆಯವರು ಗೆರೆಯ ಹೊರಗಿನಿಂದ ಬೊಬ್ಬೆ ಹಾಕುತ್ತಿದ್ದರು. ಬಿಡುವುದು ಹೇಗೆ? ನಾನು ಇಷ್ಟು ದಿನ ಕಲಿತದ್ದೇ ಹಗ್ಗ ಬಿಡದಿರುವುದನ್ನು!

ಹಗ್ಗಜಗ್ಗಾಟಕ್ಕೆ ಎಳೆದಿದ್ದ ಸುಣ್ಣದ ಗೆರೆ ದಾಟಿ ನಾನು ಸುಗಂಧಿಯ ಮೇಲೆ ಬಿದ್ದೆ. ಸುಗಂಧಿ ತನ್ನ ಹಿಂದಿನವಳ ಮೇಲೆ ಬಿದ್ದಳು. ಹಾಗೆ ಇಡೀ ತಂಡ ಸಾಲಾಗಿ ಮಲಗಿತು. ಸ್ಪಂಜಿನ ಪುಣ್ಯ, ಯಾರಿಗೂ ಏನೂ ಆಗಲಿಲ್ಲ. ಮೈಕಿನಲ್ಲಿ ಅಧ್ಯಕ್ಷೆಯ ಗಂಭೀರ ಧ್ವನಿ ಮೊಳಗಿತು. “ಹಗ್ಗಜಗ್ಗಾಟದಲ್ಲಿ ಸುಗಂಧಿಯವರ ತಂಡಕ್ಕೆ ಪ್ರಥಮ ಸ್ಥಾನ. ಹಗ್ಗದ ನಡುವೆ ಕಟ್ಟುವ ಕರವಸ್ತ್ರದ ಸ್ಥಾನದಲ್ಲಿದ್ದು ಸಹಕರಿಸಿದ ಶ್ರೀಮತಿ ಜಲಜಾಕ್ಷಿಯವರಿಗೆ ಸಮಾಧಾನಕರ ಬಹುಮಾನ.”

ಸೋಪಿನ ಡಬ್ಬಿ! ಈ ಸಲ ಗುಲಾಬಿ ಬಣ್ಣದ್ದು.

ನಾನು ಸೈಕಲನ್ನು ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟಿದ್ದೆ. ನಾಚಿಕೆಯಾಗಿತ್ತು, ಅಳುವೂ ಬರುತ್ತಿತ್ತು. ಹಿಂದಿನಿಂದ ಸುಗಂಧಿ ಕುಂಟುತ್ತ ಓಡಿ ಬಂದಳು. ಕಂಕುಳಲ್ಲಿ ಗೆದ್ದ ಸ್ಟೀಲ್ ಡಬ್ಬಿ.

“ಜಲಜಕ್ಕ, ನಿಲ್. ಹಗ್ಗ ಮುಟ್ಟಿದವ್ರಿಗೆಲ್ಲ ಪಾಲ್ ಇತ್ತಲ್ದಾ? ಡಬ್ಬಿ ತುಂಡ್ ಮಾಡುಕ್ ಆತಿಲ್ಲೆ. ಇದ್ ನಿಂಗೆ” ಎಂದು ಮುಚ್ಚಳ ತೆಗೆದು ನನ್ನ ಕೈಗಿಟ್ಟಳು.

ಸ್ಟೀಲಿನದು! ನಾನು ಬೇಡ ಎನ್ನಲಿಲ್ಲ.

ಆದರೆ ಡಬ್ಬಿಯಿಲ್ಲದ ಮುಚ್ಚಳದಿಂದ ಏನು ಪ್ರಯೋಜನ? ಅದಕ್ಕೂ ಅತ್ತೆಯೇ ದಾರಿ ಕಂಡುಹಿಡಿದರು. ಮೀನು ಒಣಗಿಸುವ ಚಾಪೆಯ ಪಕ್ಕ ಸೈಕಲಿನ ಚಕ್ರವನ್ನು ಅರ್ಧ ಮರಳಲ್ಲಿ ಹೂಳಿಸಿ, ಸೀಟಿನ ಮೇಲೆ ನನ್ನ ಸ್ಪಂಜಿನ ಪ್ಯಾಂಟನ್ನು ಕೂರಿಸಿ, ಅದಕ್ಕೊಂದು ಹಳೆಯ ನೈಟಿ ತೊಡಿಸಿ, ತಲೆಯ ಜಾಗದಲ್ಲಿ ಮುಚ್ಚಳ ಕಟ್ಟಿಸಿದರು. ಬಿಸಿಲಿಗೆ ಅದು ಫಳಫಳ ಹೊಳೆಯುತ್ತದೆ. ಒಂದು ಕಾಗೆಯೂ ಹತ್ತಿರ ಸುಳಿಯುವುದಿಲ್ಲ. ಅತ್ತೆ ಈಗ ಕೋಲು ಬಿಟ್ಟು ನಿಶ್ಚಿಂತೆಯಿಂದ ಧಾರಾವಾಹಿ ನೋಡುತ್ತಾರೆ.

ಮೊನ್ನೆ ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸೊಬ್ಬಳು ಹೇಳಿದಳು. “ಜಲಜಕ್ಕ, ನಿಮ್ಮನಿ ಬದಿಯಂಗ್ ಹೋಪತಿಗೆ ದೂರ್ದಿಂದ ಕಂಡೆ. ಈಗ ಸೈಕಲ್ ಮೇಲೆ ಎಷ್ಟ್ ಲಾಯ್ಕ್ ಕೂಕಂತ್ರಿ ಮರಾಯ್ರೆ! ಒಂಚೂರೂ ಅಲ್ಲಾಡುದಿಲ್ಲೆ!”

“ಎಲ್ಲ ಅಭ್ಯಾಸ” ಎಂದು ಹೇಳಿ ನಾನು ಟೇಪು ಹಿಡಿದೆ. ಸುಳ್ಳೇನೂ ಹೇಳಲಿಲ್ಲ. ನನ್ನ ಪ್ಯಾಂಟು ಕಲಿತುಬಿಟ್ಟಿದೆ. ನಾನು ಒಳಗೆ ಇಲ್ಲದಿದ್ದರೆ ಅದು ಬೀಳುವುದೇ ಇಲ್ಲ!